ಕೊಡದಾಗ ನೀರಿಲ್ಲೋ, ಫಕೀರಾ

ನನ್ನ ಅಭಿನಯದ ತರಗತಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಕನ್ನಡಿ ಎಲ್ಲಿದೆ ಎಂದು. ಎರಡನೆಯದಾಗಿ ಕೇಳುವುದು ಕುಡಿಯುವ ನೀರು ಎಲ್ಲಿದೆ ಎಂದು. ಕನ್ನಡಿ ಇಲ್ಲ. ನೀರು ಹೊರಗೆ ಮೆಟ್ಟಿಲ ಬಳಿ ಮಣ್ಣಿನ ಗಡಿಗೆಯಲ್ಲಿದೆ. ಆದರೆ ಅವರ ಕಣ್ಣು ಮೂಲೆಯಲ್ಲಿ ಕುಳಿತ ಹಿತ್ತಾಳೆ ಕೊಡದ ಮೇಲೆಯೇ ಬೀಳುತ್ತದೆ. ಲೋಟ ಹಿಡಿದುಕೊಂಡು ಹೋಗಿ ಬಗ್ಗಿಸುತ್ತಾರೆ. ಒಂದು ಹನಿ ಬರುವುದಿಲ್ಲ. ಆಮೇಲೆ ನನ್ನ ಕಡೆ ನೋಡುತ್ತಾರೆ, ಇದೆಂಥ ಮಾಸ್ತರ, ಖಾಲಿ ಕೊಡಕ್ಕೆ ಇಡೀ ಮೂಲೆಯನ್ನೇ ಕೊಟ್ಟಿದ್ದಾನಲ್ಲ ಎಂಬಂತೆ.

ತರಗತಿ ಎಂದರೆ ನೀವು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಶಿಗ್ಗಾಂವದ ಪೇಟೆಯಲ್ಲಿ ಗೋವಿನಜೋಳದ ಅಂಗಡಿಯ ಮೇಲಿರುವ ಉದ್ದನೆಯ ಕೋಣೆ ಅದು. ಕೆಳಗೆ ಚೀಲ ಇಳಿಸಿದಾಗಲೆಲ್ಲ ಮೇಲೆ ಧೂಳು ಬರುತ್ತದೆ. ಆದ್ದರಿಂದ ಸೀನುವ ಅಭಿನಯವನ್ನು ನಾನು ಯಾರಿಗೂ ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಉಳಿದದ್ದನ್ನೆಲ್ಲ ಕಲಿಸುತ್ತೇನೆ. ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು ನಾನು. ಎರಡೆರಡು ಪದವಿ ಪಡೆದವರು ನನ್ನ ಮುಂದೆ ಜಮಖಾನೆಯ ಮೇಲೆ ಕಾಲು ಮಡಚಿ ಕೂರುತ್ತಾರೆ. ಹೀಗೆಲ್ಲ ಹೇಳಿಕೊಳ್ಳಬಾರದು ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಏನು ಮಾಡಲಿ, ಹೇಳಿಕೊಂಡಾಯಿತು.

ಮೊನ್ನೆ ಆ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತ ಕುಳಿತಿದ್ದೆ. ಅದರ ಹೊಟ್ಟೆಯ ಮೇಲೆ ಒಂದು ತಗ್ಗು ಇದೆ. ಅಲ್ಲಿ ಎಷ್ಟು ತಿಕ್ಕಿದರೂ ಹೊಳಪು ಬರುವುದಿಲ್ಲ. ಬೆರಳು ಅಲ್ಲಿಗೆ ಹೋದಾಗಲೆಲ್ಲ ಮನಸ್ಸು ಹಾನಗಲ್ಲ ಕಡೆಗೆ ಓಡುತ್ತದೆ.

ಕೊಡ ಅವ್ವನದು. ತವರಿನಿಂದ ತಂದದ್ದು. ತಗ್ಗು ನನ್ನದು. ನಮ್ಮೂರು ಹಾನಗಲ್ಲ ತಾಲೂಕಿನ ಒಂದು ಸಣ್ಣ ಹಳ್ಳಿ. ಸುಗ್ಗಿ ಮುಗಿದ ಮೇಲೆ ಅಲ್ಲಿ ದೊಡ್ಡಾಟದ ತಾಲೀಮು ಶುರುವಾಗುತ್ತಿತ್ತು. ಆಟ ಕಲಿಸುವ ಮಾಸ್ತರರು ಕೈಯಲ್ಲೊಂದು ಕೋಲು ಹಿಡಿದು ತಾಳ ಹಾಕುತ್ತಿದ್ದರು. ಮನೆಗೆ ಬಂದು ನಾನೂ ಹಾಕಿದೆ. ಅವರಿಗೆ ಮರದ ಹಲಗೆ ಇತ್ತು, ನನಗೆ ಸಿಕ್ಕಿದ್ದು ಕೊಡ. ಕೋಲಿನ ಬದಲು ಸಿಕ್ಕಿದ್ದು ಒನಕೆ. ಅವ್ವ ಅವತ್ತು ಹೊಡೆಯಲಿಲ್ಲ. ತಗ್ಗಿನ ಮೇಲೆ ಕೈಯಾಡಿಸಿ, "ಇನ್ನ ಮ್ಯಾಲೆ ಇದು ನನ್ನ ಟೊಂಕಕ್ಕ ಚಲೋ ಕೂಡ್ತೈತಿ ಬಿಡು" ಅಂದಳು. ನಿಜವಾಗಿಯೂ ಹಾಗೇ ಆಯಿತು. ಆ ತಗ್ಗಿನಲ್ಲಿ ಅವಳ ಸೊಂಟದ ಎಲುಬು ಕೀಲಿಯ ಹಾಗೆ ಕೂತುಬಿಡುತ್ತಿತ್ತು. ಕೆರೆಯ ಹತ್ತಿರದ ಸಿಹಿನೀರ ಬಾವಿಯಿಂದ ದಿನಕ್ಕೆ ಎಂಟು ಹತ್ತು ಸಲ ಆ ಕೊಡ ಮನೆಗೆ ಬರುತ್ತಿತ್ತು.

ನಾನು ಶಾಲೆ ಬಿಟ್ಟ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ನಮ್ಮ ಹೆಡ್ ಮಾಸ್ತರರು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಒಂದು ಬೆರಳಿಗೆ ಕೀಲಿಗೊಂಚಲು ಸಿಕ್ಕಿಸಿ ತಿರುಗಿಸುತ್ತ ನಡೆಯುತ್ತಿದ್ದರು. ಅವರ ಹಿಂದೆಯೇ ನಾನೂ ಹಾಗೆ ನಡೆದೆ. ಇಡೀ ಶಾಲೆ ನಕ್ಕಿತು. ಮಾಸ್ತರರು ತಿರುಗಿ ನೋಡಿದರು. "ನಾಳೆ ನಿಮ್ಮಪ್ಪನ್ನ ಕರಕೊಂಡ ಬಾ" ಅಂದರು. ಅಪ್ಪ ಆಗ ಹಿರೇಕೆರೂರ ಕಡೆ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಓಣಿಯಲ್ಲಿ ಭೀಮನ ಪಾತ್ರ ಮಾಡುವ ಹನುಮಂತಪ್ಪ ಎಂಬವನಿದ್ದ. "ಕಾಕಾ, ನಾಳೆ ಒಂದ ತಾಸು ನಮ್ಮಪ್ಪ ಆಗು" ಎಂದು ಕಾಲು ಹಿಡಿದೆ. ಹನುಮಂತಪ್ಪ ಮೀಸೆಗೆ ಎಣ್ಣೆ ಹಚ್ಚಿಕೊಂಡೇ ಬಂದ. ಆಫೀಸಿನ ಬಾಗಿಲಲ್ಲಿ ಬಲಗಾಲು ಮುಂದಿಟ್ಟು, ಎದೆ ಸೆಟೆಸಿ, ಕಿಟಕಿಯ ಗಾಜು ಅದುರುವ ಹಾಗೆ, "ಎಲೈ ಗುರುವರ್ಯನೇ, ನಮ್ಮನ್ನು ಕರೆಸಿದ ಕಾರಣವೇನು?" ಅಂದ. ಮಾಸ್ತರರು ಮೊದಲು ನಕ್ಕರು. ನಕ್ಕು ಮುಗಿದ ಮೇಲೆ ನನ್ನನ್ನು ಹೊಡೆದರು. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ಪಾತ್ರ ಹಂಚಿಕೆ ಅದು. ಅಲ್ಲಿಂದ ಇಲ್ಲಿಯವರೆಗೆ ಅಂಥ ತಪ್ಪನ್ನು ಇನ್ನೂ ಹಲವು ಸಲ ಮಾಡಿದ್ದೇನೆ, ಆದರೆ ಯಾರೂ ಅಷ್ಟು ಬೇಗ ಹೊಡೆದಿಲ್ಲ.

ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಕೊಡ ಇಳಿಸುತ್ತ, ನನ್ನ ಕಡೆ ನೋಡದೆಯೇ ಅಂದಳು:

"ಸಾಲಿ ಬಿಟ್ಟಿ, ಆಗಲಿ. ಏನರ ಮಾಡು. ಮಾಡೂದನ್ನ ಖರೇ ಮಾಡು."

ನಾನು ತಲೆಯಾಡಿಸಿದೆ. ಅದು ಎಷ್ಟು ಕಷ್ಟದ ಕರಾರು ಎಂದು ಆಗ ತಿಳಿಯಲಿಲ್ಲ.

ಹದಿನೇಳು ತುಂಬುವ ಹೊತ್ತಿಗೆ ಸವಣೂರಲ್ಲಿ ಬಿಡಾರ ಹೂಡಿದ್ದ ಒಂದು ನಾಟಕ ಕಂಪನಿ ಸೇರಿದೆ. ನಾಯಕನಾಗಲು ಹೋದವನನ್ನು ಪರದೆ ಎಳೆಯಲು ನಿಲ್ಲಿಸಿದರು. ಹಗ್ಗ ಎಳೆದು ಎಳೆದು ಅಂಗೈಯಲ್ಲಿ ಗಂಟು ಬಿದ್ದವು, ಈಗಲೂ ಇವೆ, ತರಗತಿಯಲ್ಲಿ ತೋರಿಸುತ್ತೇನೆ. ಆ ಪರದೆಗಳನ್ನು ಬರೆಯುತ್ತಿದ್ದವರು ಸವಣೂರಿನ ಖಾದರಸಾಬರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಬಾಯಲ್ಲಿ ಯಾವಾಗಲೂ ಊರಿನ ಎಳೆ ವೀಳ್ಯದೆಲೆ, ಕಿವಿಯ ಮೇಲೊಂದು ಕುಂಚ. ದೊಡ್ಡಹುಣಸೆ ಮರಗಳ ನೆರಳಲ್ಲಿ ಬಟ್ಟೆ ಹಾಸಿಕೊಂಡು ಅವರು ಒಮ್ಮೆ ಒಂದು ನದಿ ಬರೆದರು. ಎಂಥ ನದಿ! ನೋಡಿದರೆ ಕಾಲು ತಣ್ಣಗಾಗಬೇಕು. ಬೆಳಗಿನ ತಾಲೀಮಿನಲ್ಲಿ ಕಂಪನಿಯ ನಾಯಕ ನಟ ಆ ಪರದೆಯ ಮುಂದೆ ಸರಸರ ನಡೆದು ಆಚೆ ಹೋದ. ನದಿ ದಾಟುವ ದೃಶ್ಯ ಅದು. ಚಾಚಾ ಎಲೆ ಉಗಿದು ಎದ್ದು ನಿಂತರು.

"ಅರೇ ಭಾಯಿ, ಧೋತರ ಎತ್ತಿ ಹಿಡಿಯಂಗಿಲ್ಲೇನ್ರಿ?"

"ಯಾಕ್ರಿ ಸಾಬರ, ಇದು ಬಣ್ಣ ಅಲ್ಲೇನ್ರಿ?" ಎಂದ ಆತ.

"ನನಗ ಬಣ್ಣ. ನಿಮಗ ನೀರು. ನೀವು ಧೋತರ ಎತ್ತಲಿಲ್ಲಂದ್ರ ನನ್ನ ನದಿ ಬತ್ತಿಹೋತು. ತಿಂಗಳಾನುಗಟ್ಟಲೆ ಕುಂತ ಬರದೇನ್ರಿ, ಒಂದ ನಿಮಿಷದಾಗ ಬತ್ತಿಸಿಬಿಟ್ರಲ್ಲ!"

ಎಲ್ಲರೂ ನಕ್ಕರು. ನಾನೂ ಹಗ್ಗ ಹಿಡಿದುಕೊಂಡೇ ನಕ್ಕೆ. ಆ ಮಾತನ್ನು ಅವತ್ತೇ ಗಂಟು ಹಾಕಿ ಇಟ್ಟುಕೊಂಡಿದ್ದರೆ ಮುಂದೆ ನನಗೆ ಆ ಅವಮಾನ ಆಗುತ್ತಿರಲಿಲ್ಲ. ಆದರೆ ಅಂಗೈಯಲ್ಲಿ ಬಿದ್ದಷ್ಟು ಸುಲಭವಾಗಿ ಬುದ್ಧಿಯಲ್ಲಿ ಗಂಟು ಬೀಳುವುದಿಲ್ಲ.

ಕಂಪನಿಯಲ್ಲಿ ಪರದೆ ಎಳೆದೆ, ನಟರಿಗೆ ಮಾತು ಮರೆತಾಗ ಪಕ್ಕದಿಂದ ಪಿಸುಗುಟ್ಟಿದೆ, ಪೊಲೀಸನಾದೆ, ಮುದುಕನಾದೆ, ಒಂದು ಸಲ ನಾಯಕಿಗೆ ಜ್ವರ ಬಂದಾಗ ಅವಳ ಅತ್ತೆಯೂ ಆದೆ. ಆಮೇಲೆ ಬೆಂಗಳೂರು. ಅಲ್ಲಿ ಚಿತ್ರೀಕರಣದ ತಂಡದಲ್ಲಿ ಕ್ಲ್ಯಾಪ್ ಹಿಡಿಯುವುದರಿಂದ ಶುರುಮಾಡಿ ಸಹಾಯಕನಾಗಿ, ಸಹ ನಿರ್ದೇಶಕನಾಗಿ ಬಹಳ ವರ್ಷ ದುಡಿದೆ. ಬಿಸಿಲಲ್ಲಿ ನಿಂತವನು ನಾನು, ನೆರಳಲ್ಲಿ ಕೂತವರ ಹೆಸರು ದೊಡ್ಡದಾಗಿ ಬರುತ್ತಿತ್ತು. ದೂರೇನಿಲ್ಲ. ದುಡಿತಕ್ಕೆ ನಾನು ಎಂದೂ ಅಂಜಿದವನಲ್ಲ. ಅಂಜಿದ್ದು ಮಾತಿಗೆ ಮಾತ್ರ. ನಾನು ಬಾಯಿ ಬಿಟ್ಟರೆ ಸಾಕು, "ನಿಮ್ದು ಹುಬ್ಳಿ ಕಡೆ ಅಲ್ವಾ?" ಎನ್ನುತ್ತಿದ್ದರು. ಹುಬ್ಬಳ್ಳಿ ಅಲ್ಲ ಹಾನಗಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿ, ಕೊನೆಗೆ ಬೆಂಗಳೂರಿಗೊಂದು ನಾಲಿಗೆ, ಊರಿಗೊಂದು ನಾಲಿಗೆ ಇಟ್ಟುಕೊಂಡೆ. ರಜೆಯಲ್ಲಿ ಊರಿಗೆ ಬಂದಾಗ ಒಮ್ಮೆ ಮರೆತು, "ಅವ್ವಾ, ಊಟಕ್ಕೆ ಏನಿದೆ?" ಅಂದುಬಿಟ್ಟೆ. ಅವ್ವ ಒಳಗಿನಿಂದ, "ಯಾರೋ ಪರಸ್ಥಳದವ್ರು ಬಂದಂಗೈತಿ, ಚಾಪಿ ಹಾಸ್ರಿ" ಎಂದಳು.

ನಾನೇ ನಿರ್ದೇಶಿಸಿದ ಸಿನಿಮಾ ಒಂದೇ ಒಂದು. ಅದು ಹಿರೇಕೆರೂರಿಗೆ ಬಂದಾಗ ಹೆಮ್ಮೆಯಿಂದ ನೋಡಲು ಹೋದೆ. ಟಾಕೀಸಿನ ಗೋಡೆಗೆ ಆಗತಾನೆ ಪೋಸ್ಟರ್ ಅಂಟಿಸಿದ್ದರು. ಗಂಜಿಯ ಹಸಿ ವಾಸನೆಗೆ ಒಂದು ಆಡು ಹಿಂಗಾಲ ಮೇಲೆ ನಿಂತು ನೆಕ್ಕುತ್ತಿತ್ತು. ನಾಯಕನ ಮುಖ ಮೇಲಿತ್ತು, ಅದಕ್ಕೆ ಎಟುಕಲಿಲ್ಲ. ನಿರ್ದೇಶಕನ ಹೆಸರು ಕೆಳಗಿತ್ತು. ಆಡು ಅದನ್ನು ಪೂರ್ತಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ. ಓಡಿಸಬಹುದಿತ್ತು. ಆದರೆ ಅಷ್ಟು ಮನಸ್ಸಿಟ್ಟು ನನ್ನ ಹೆಸರನ್ನು ಓದಿದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಅವ್ವ ಆ ಸಿನಿಮಾವನ್ನು ಹಾನಗಲ್ಲಲ್ಲಿ ನೋಡಿ, "ಚಲೋ ಐತಿ. ಭಾಳ ಅಳ್ತಾರ" ಅಂದಳು. ಅಷ್ಟೇ.

ಆಮೇಲೆ ಟೀವಿ ಬಂತು, ಧಾರಾವಾಹಿಗಳು ಬಂದವು. ನನಗೂ ಒಂದು ಸಿಕ್ಕಿತು. ಹಳ್ಳಿಯ ಸೊಸೆಯ ಕಥೆ. ಬೆಂಗಳೂರಿನ ಹೊರಗೆ ಥರ್ಮಾಕೋಲಿನ ಬಾವಿ, ಪ್ಲೈವುಡ್ಡಿನ ಕಟ್ಟೆ ಕಟ್ಟಿ ಒಂದು ಹಳ್ಳಿ ಮಾಡಿದೆವು. ಮೊದಲ ಕಂತಿನ ಮೊದಲ ದೃಶ್ಯದಲ್ಲಿ ನಾಯಕಿ ನೀರು ಹೊತ್ತು ಬರಬೇಕು. ಪಾಪ, ಆ ಹುಡುಗಿಗೆ ಬೆನ್ನುನೋವು. ನೀರು ತುಂಬಿದರೆ ಎತ್ತಲಾರೆ ಎಂದಳು. ಪ್ಲಾಸ್ಟಿಕ್ ಕೊಡಕ್ಕೆ ಹಿತ್ತಾಳೆಯ ಬಣ್ಣ ಹೊಡೆಸಿದೆ. ಬೆಳಕು ಚೆನ್ನಾಗಿತ್ತು, ಹುಡುಗಿ ಚೆನ್ನಾಗಿದ್ದಳು, ಗಾಳಿಗೆ ಸೆರಗು ಹಾರುತ್ತಿತ್ತು. "ಓಕೆ" ಅಂದೆ. ಒಂದೇ ಟೇಕ್.

ಊರಿಗೆ ಫೋನು ಮಾಡಿ ಹೇಳಿದ್ದೆ. ಕಂತು ಬರುವ ಸಂಜೆ ನಾನೂ ಊರಲ್ಲೇ ಇದ್ದೆ. ಪಕ್ಕದ ಮನೆಯಲ್ಲಿ ಓಣಿಯ ಜನವೆಲ್ಲ ಸೇರಿತ್ತು. ಅವ್ವನಿಗೆ ಮುಂದೆಯೇ ಮಣೆ ಹಾಕಿದ್ದರು. ನನ್ನ ಹೆಸರು ಬಂದಾಗ ಯಾರೋ ಸೀಟಿ ಹೊಡೆದರು. ನಾಯಕಿ ಕೊಡ ಹೊತ್ತು ಬಂದಳು. ನಾನು ಪರದೆ ನೋಡಲಿಲ್ಲ, ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವ್ವ ಸ್ವಲ್ಪ ಮುಂದೆ ಬಾಗಿದಳು. ಕಣ್ಣು ಸಣ್ಣ ಮಾಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಕೊಡದಾಗ ನೀರಿಲ್ಲೋ, ಫಕೀರಾ."

ಓಣಿಯ ಹೆಂಗಸರೆಲ್ಲ ಒಂದೇ ಸಲ ನಕ್ಕರು. ಅವರೂ ಕಂಡಿದ್ದರು, ಹೇಳಿರಲಿಲ್ಲ.

"ಅವ್ವಾ, ಅದು ಆ್ಯಕ್ಟಿಂಗ್" ಎಂದೆ.

"ಏನರ ಇರವಲ್ದ್ಯಾಕ. ಆಕಿ ಟೊಂಕ ನೋಡಿದೇನ? ಕೊಡ ಇದ್ದ ಕಡೀಗೆ ವಾಲ್ಯಾಳ. ತುಂಬಿದ ಕೊಡ ಇದ್ರ ಹೆಂಗಸು ಆಚೀ ಕಡೀಗೆ ವಾಲತಾಳ. ಮತ್ತ ಕುತ್ತಿಗಿ ತಿರುಗಿಸಿ ಆ ಹೀರೋನ್ನ ನೋಡಿದಳಲ್ಲ, ಹಂಗ ತಿರುಗಿದ್ರ ಅರ್ಧ ನೀರು ಮೈಮ್ಯಾಲ!"

"ಯಾರ ನೋಡ್ತಾರವ್ವಾ ಅದನ್ನೆಲ್ಲ?"

"ನಾ ನೋಡಿದ್ನಲ್ಲ."

ಅವತ್ತು ಊಟ ಮಾಡದೆ ಮಲಗಿದೆ. ಸಿಟ್ಟು ಅವ್ವನ ಮೇಲೆ. ಅಷ್ಟು ದೊಡ್ಡ ತಂಡ, ಅಷ್ಟು ಓದಿದ ಜನ, ಒಬ್ಬರಿಗೂ ಕಾಣದ್ದು ಇವಳಿಗೇ ಯಾಕೆ ಕಾಣಬೇಕು? ಆಮೇಲೆ ಸಿಟ್ಟು ನನ್ನ ಮೇಲೆ ತಿರುಗಿತು. ಆ ಹುಡುಗಿ ಎಂದೂ ನೀರು ಹೊತ್ತವಳಲ್ಲ, ಅವಳ ತಪ್ಪೇನು? ಕೊಡದ ಪಕ್ಕದಲ್ಲೇ ಬೆಳೆದವನು ನಾನು. ಅವ್ವನ ಸೆರಗು ಎಡಗಡೆಗೆ ಸದಾ ಒದ್ದೆಯಾಗಿರುತ್ತಿದ್ದುದನ್ನು ಕಂಡವನು ನಾನು. ಖರೇ ಮಾಡು ಎಂದಿದ್ದಳು. ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆಸಿದೆ.

ಆ ಧಾರಾವಾಹಿ ಬಹಳ ದಿನ ಓಡಿತು. ಜನ ಮೆಚ್ಚಿದರು, ಹಾರ ಹಾಕಿದರು. ಅವ್ವ ಮಾತ್ರ ಟೀವಿಗೆ ಬೆನ್ನು ಹಾಕಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂರುತ್ತಿದ್ದಳಂತೆ. ಎದ್ದು ಹೋಗುತ್ತಿರಲಿಲ್ಲ. ಮಗನದು, ಕೇಳಬೇಕಲ್ಲ. ಆದರೆ ನೋಡುತ್ತಿರಲಿಲ್ಲ. ಅಂದಿನಿಂದ ನನಗೆ ಬೇಕಾದದ್ದು ಒಂದೇ ಆಯಿತು. ಹಾರ ಬೇಡ, ಸೀಟಿ ಬೇಡ. ನಾನು ಮಾಡಿಸಿದ ಒಂದೇ ಒಂದು ದೃಶ್ಯವನ್ನು ಅವ್ವ ಒಂದು ಗಳಿಗೆ ನಂಬಬೇಕು. ಇದನ್ನು ಯಾರಿಗೂ ಹೇಳಲಿಲ್ಲ. ನಡುವಯಸ್ಸಿನ ನಿರ್ದೇಶಕ ಅವ್ವನಿಂದ ಭೇಷ್ ಅನ್ನಿಸಿಕೊಳ್ಳಲು ಒದ್ದಾಡುತ್ತಾನೆ ಎಂದರೆ ಕೇಳಿದವರು ಏನಂದಾರು?

ಅಪ್ಪ ತೀರಿಕೊಂಡ ಮೇಲೆ, ಬೆಂಗಳೂರಿನ ಕೆಲಸವೂ ಕಡಿಮೆಯಾದ ಮೇಲೆ ಶಿಗ್ಗಾಂವಕ್ಕೆ ಬಂದು ನೆಲೆಸಿದೆ. ಅವ್ವನನ್ನೂ ಕರೆತಂದೆ. ಅವಳು ತಂದ ಸಾಮಾನು ಎರಡೇ, ಒಂದು ಟ್ರಂಕು, ಒಂದು ಈ ಕೊಡ. "ಇಲ್ಲಿ ನಳ ಐತವ್ವಾ, ಕೊಡ ಯಾಕ?" ಎಂದರೆ, "ನಳಕ್ಕ ನನ್ನ ಗುರುತಿಲ್ಲ" ಅಂದಳು. ಒಂದು ದಿನ ಮನೆಮಂದಿಯೆಲ್ಲ ಗೊಟಗೋಡಿಯ ಶಿಲ್ಪದ ತೋಟಕ್ಕೆ ಹೋಗಿದ್ದೆವು. ಅಲ್ಲಿ ಹಳ್ಳಿಯ ಬದುಕನ್ನೆಲ್ಲ ಸಿಮೆಂಟಿನಲ್ಲಿ ಮಾಡಿ ನಿಲ್ಲಿಸಿದ್ದಾರೆ. ಕೊಡ ಹೊತ್ತ ಒಬ್ಬ ಹೆಂಗಸಿನ ಮುಂದೆ ಅವ್ವ ನಿಂತೇ ನಿಂತಳು. ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ನಾನು ಮುಂದೆ ಹೋಗೋಣ ಎಂದು ಅವಸರ ಮಾಡಿದೆ, ಏಕೆಂದರೆ ಏನು ಬರಲಿದೆ ಎಂದು ನನಗೆ ಗೊತ್ತಿತ್ತು. ಬಂದೇ ಬಂತು.

"ನೋಡ ಫಕೀರಾ, ಇದರಾಗ ನೀರೈತಿ."

ಸಿಮೆಂಟಿನವಳು ಗೆದ್ದಿದ್ದಳು. ಸಂಬಳ, ಊಟ, ಮೇಕಪ್ಪು ಯಾವುದೂ ಇಲ್ಲದೆ.

ತರಗತಿ ಶುರುಮಾಡಿದಾಗ ಅವ್ವನ ಕೊಡವನ್ನೇ ಇಲ್ಲಿಗೆ ತಂದೆ, ಮೊದಲ ಪಾಠವೇ ಕೊಡ ಆಯಿತು. ಗೊತ್ತಾಯಿತಲ್ಲ ಯಾಕೆಂದು? ಅಳುವುದು, ನಗುವುದು, ಪ್ರೀತಿ ಮಾಡುವುದು ಎಲ್ಲ ಆಮೇಲೆ. ಬಂದವರು ಮೊದಲು ಕೊಡದಲ್ಲಿ ನೀರು ತುಂಬಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಆಮೇಲೆ ನೀರು ಚೆಲ್ಲಿ, ಖಾಲಿ ಕೊಡದಲ್ಲಿ ಅದೇ ನಡಿಗೆ ನಡೆಯಬೇಕು. ಹೇಳುವುದು ಸುಲಭ. ಖಾಲಿ ಕೊಡ ಎತ್ತಿದ ಕೂಡಲೇ ಎಲ್ಲರೂ ಹಲ್ಲು ಕಚ್ಚುತ್ತಿದ್ದರು, ಮುಲುಗುತ್ತಿದ್ದರು, ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ನಾನು, "ಇನ್ನೂ ಭಾರ! ಇನ್ನೂ ಭಾರ!" ಎಂದು ಹಿಂದಿನಿಂದ ಒದರುತ್ತಿದ್ದೆ. ಎರಡು ವರ್ಷ ಹೀಗೇ ಕಲಿಸಿದೆ. ಏನೋ ತಪ್ಪಿದೆ ಎಂದು ಗೊತ್ತಾಗುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದವಳು ಮನೆಯಲ್ಲೇ ಇದ್ದಳು, ಅಲಸಂದಿ ಬಿಡಿಸುತ್ತ. ಅವಳನ್ನು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಜನರನ್ನು ಕುಣಿಸಿದವನು ಹೋಗಿ ಕೇಳುವುದೇ? ಶಾಲೆ ಬಿಟ್ಟವರ ಬಿಗುಮಾನ ನಿಮಗೆ ಗೊತ್ತಿಲ್ಲ. ಓದಿದವರು "ನನಗೆ ತಿಳಿಯದು" ಎಂದು ನಗುನಗುತ್ತ ಹೇಳಬಲ್ಲರು. ನಮ್ಮಂಥವರಿಗೆ ಆ ಮಾತು ಗಂಟಲಲ್ಲಿ ಮುಳ್ಳು.

ಹೋದ ವರ್ಷ ಹಿರೇಬೆಂಡಿಗೇರಿಯಿಂದ ಶಾರದಾ ಎಂಬ ಹುಡುಗಿ ಬಂದು ಸೇರಿದಳು. ಪದವಿ ಮುಗಿಸಿದ್ದಳು, ಚುರುಕಾಗಿದ್ದಳು. ಮಾತಿನಲ್ಲಿ ಬೆಂಕಿ. ಆದರೆ ಕೊಡ ಕೈಗೆ ಕೊಟ್ಟರೆ ಮದುವೆಮನೆಯಲ್ಲಿ ಉಡುಗೊರೆ ಹಿಡಿದು ನಿಂತವರಂತೆ ಎದೆಗೆ ಅವುಚಿಕೊಂಡಳು. ವಾರ ಕಳೆದರೂ ಸುಧಾರಿಸಲಿಲ್ಲ. ಒಂದು ದಿನ ಅವಳ ಅಪ್ಪ ಗಂಗಾಧರಪ್ಪ, ಶೇಂಗಾ ಮಾರಲು ಪೇಟೆಗೆ ಬಂದವರು, ಮಗಳನ್ನು ನೋಡಲು ಮೇಲೆ ಹತ್ತಿ ಬಂದರು. ಮಗಳು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಮುಲುಗುತ್ತಿದ್ದಳು. ನಾನು ಹಿಂದಿನಿಂದ ಒದರುತ್ತಿದ್ದೆ.

"ಏನ್ ನಡಸೀರಿ ಸರ್ರ ಇದು?" ಎಂದರು ಗಂಗಾಧರಪ್ಪ.

"ಅಭಿನಯ ರೀ. ಬರ್ರಿ, ಕುಂದರ್ರಿ."

"ಕುಂದರೂದು ಆಮ್ಯಾಲಿರಲಿ. ನನ್ನ ಮಗಳು ಕೊಡ ಹೊರಬಾರ್ದು ಅಂತ ಪಂಚಾಯ್ತಿಗೆ ನೂರ ಸಲ ಅಡ್ಡಾಡಿ ಬಾಗಲದಾಗ ನಳ ಹಾಕಿಸೇನ್ರಿ ನಾ. ನೀವು ಇಲ್ಲಿ ಕೂಡಿಸಿ ಹೊರಸಾಕತ್ತೀರಿ. ಇದ್ಯಾವ ನ್ಯಾಯ?"

"ಅಪ್ಪಾ, ಕೊಡದಾಗ ನೀರಿಲ್ಲಪ್ಪಾ" ಎಂದಳು ಶಾರದಾ.

"ನೀರಿಲ್ಲ ಅಂದ್ರ ಮುಲುಗೂದ್ಯಾಕ?"

ಅಷ್ಟರಲ್ಲಿ ಬಾಗಿಲ ಕಡೆಯಿಂದ ನಗು ಕೇಳಿತು. ಅವ್ವ, ನನ್ನ ಬುತ್ತಿ ಹಿಡಿದುಕೊಂಡು. ಹೆಂಡತಿ ಊರಿಗೆ ಹೋಗಿದ್ದಳು, ಅವ್ವನೇ ರೊಟ್ಟಿ ತಂದಿದ್ದಳು. ಕಣ್ಣಿನ ಪೊರೆ ತೆಗೆಸಿ ಆಗಿನ್ನೂ ಎರಡು ತಿಂಗಳು. ಅದನ್ನು ತೆಗೆಸಿದವನು ನಾನೇ. ಈಗ ಅವಳಿಗೆ ಮೊದಲಿಗಿಂತ ಹೆಚ್ಚು ತಪ್ಪು ಕಾಣುತ್ತಿದ್ದವು.

"ಖರೇ ಕೇಳಿದ್ರಿ ನೋಡ್ರಿ" ಎಂದಳು ಗಂಗಾಧರಪ್ಪನವರಿಗೆ. ಆಮೇಲೆ ನನಗೆ, "ಏನೋ ಇದು? ನೀರಿನ ಕೊಡಾನೋ, ಬೀಸೂಕಲ್ಲೋ?"

ಎಲ್ಲ ವಿದ್ಯಾರ್ಥಿಗಳೂ ನನ್ನ ಕಡೆ ನೋಡಿದರು. ನಾನು ಗದರಿ ಅವಳನ್ನು ಮನೆಗೆ ಕಳಿಸಬಹುದಿತ್ತು. ಅಥವಾ ನಗಬಹುದಿತ್ತು. ಗಂಟಲಲ್ಲಿ ಮುಳ್ಳು ಇದ್ದೇ ಇತ್ತು. ಆದರೂ ಬಾಯಿಂದ ಹೊರಬಿತ್ತು:

"ನನಗ ಬರವಲ್ದವ್ವಾ. ನೀ ತೋರಿಸು."

ಅವ್ವ ಬುತ್ತಿ ಕೆಳಗಿಟ್ಟಳು. ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡಳು. ತಗ್ಗು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಎರಡು ಹೆಜ್ಜೆ ನಡೆದು ನಿಂತು, ಶಾರದಾಳಿಗೆ ಹೇಳಿದಳು:

"ಭಾರ ಅಂತ ಯಾರಿಗವ್ವಾ ತೋರಸ್ತೀ? ದಿನಾ ಹೊರಾಕಿಗೆ ಭಾರದ ನೆನಪ ಇರಂಗಿಲ್ಲ. ಕೊಡಾನ ಟೊಂಕ ನೋಡಕೊಂತೈತಿ. ತಲಿ ಮನ್ಯಾಗಿರತೈತಿ. ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ, ಉಕ್ಕೇತೋ ಏನೋ. ಕೂಸು ಎದ್ದೈತೋ ಏನೋ. ಅದನ್ನ ನೆನಸ್ಕೋ. ಯಾರರ ಕರದ್ರ ಕುತ್ತಿಗಿ ತಿರುವಬ್ಯಾಡ, ಇಡೀ ಮೈ ತಿರುವು. ಹೊಸ್ತಲ ಬಂದ್ರ ಅಡ್ಡ ಆಗಿ ದಾಟು. ಇಷ್ಟ."

ನಾನು ಮೂಲೆಯಲ್ಲಿ ನಿಂತಿದ್ದೆ. ಬರೆದುಕೊಳ್ಳಲು ಕೈ ತುಡಿಯಿತು. ಬರೆದುಕೊಂಡೆ ಕೂಡ, ರೊಟ್ಟಿ ಸುತ್ತಿದ ಕಾಗದದ ಮೇಲೆ. ಇನ್ನೂ ಇದೆ, ಎಣ್ಣೆ ಕಲೆ ಸಮೇತ.

ಮುಂದಿನ ಎರಡು ತಿಂಗಳು ಶಾರದಾ ತರಗತಿ ಮುಗಿದ ಮೇಲೆ ನಮ್ಮ ಮನೆಗೆ ಹೋಗುತ್ತಿದ್ದಳು. ಹಿತ್ತಲಲ್ಲಿ ಅವ್ವ ಅವಳಿಂದ ನಿಜವಾದ ನೀರು ಹೊರಿಸಿ ನನ್ನ ಕರಿಬೇವಿನ ಗಿಡಕ್ಕೆ ಹಾಕಿಸುತ್ತಿದ್ದಳು. ಗಿಡ ಕೊಳೆಯುವಷ್ಟು ನೀರು. ಹೊರುವಾಗ ಅವ್ವ ಸುಮ್ಮನಿರುತ್ತಿರಲಿಲ್ಲ, ಊರಿನ ಜಗಳ, ಸೊಸೆಯಂದಿರ ಕಥೆ ಎಲ್ಲ ಕೇಳಿ ಬಾಯಿ ಬಿಡಿಸುತ್ತಿದ್ದಳು. ಒಂದು ದಿನ ಶಾರದಾ ಯಾವುದೋ ಮಾತಿಗೆ ನಗುತ್ತ, ಕೊಡ ಸೊಂಟದ ಮೇಲಿದೆ ಎಂಬುದನ್ನೇ ಮರೆತು ನಿಂತಿದ್ದಳು. ಅವ್ವ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ, "ಬಂತು ನೋಡು ಹುಡುಗಿಗೆ" ಎಂದಳಂತೆ. ನನಗೆ ಹೇಳಲಿಲ್ಲ.

ತರಗತಿಯ ಕೊನೆಗೆ ಒಂದು ಸಣ್ಣ ನಾಟಕ ಆಡುವುದು ನಮ್ಮ ರೂಢಿ. ಭಾನುವಾರ ಮಧ್ಯಾಹ್ನ, ಅದೇ ಕೋಣೆಯಲ್ಲಿ. ವೇದಿಕೆ ಇಲ್ಲ. ಮಕ್ಕಳ ತಂದೆತಾಯಂದಿರು, ಕೆಳಗಿನ ಅಂಗಡಿಯ ಹಮಾಲರು, ಎಲ್ಲ ಜಮಖಾನೆಯ ಮೇಲೆ ಕೂರುತ್ತಾರೆ. ನಡುವೆ ಒಂದು ಕಾಲುದಾರಿ ಬಿಟ್ಟಿರುತ್ತೇವೆ, ನಟರು ಅಲ್ಲಿಂದಲೇ ಬರಬೇಕು. ಗಂಗಾಧರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅವ್ವ ದಾರಿಯ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು. ಮಂಡಿನೋವು, ಮಡಚಲಾಗುವುದಿಲ್ಲ. ಮಡಿಲಲ್ಲಿ ಮೊರ ಇರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಆದರೆ ಅವಳು ಯಾವಾಗ ಬೆನ್ನು ತಿರುಗಿಸುತ್ತಾಳೆಂದು ಹೇಳಲು ಬರುವುದಿಲ್ಲ.

ನಾಟಕದಲ್ಲಿ ಮನೆಯೊಳಗೆ ಅಣ್ಣತಮ್ಮಂದಿರು ಆಸ್ತಿ ಭಾಗದ ಜಗಳ ಆಡುತ್ತಿರುತ್ತಾರೆ. ಆಗ ತಂಗಿ ನೀರು ತೆಗೆದುಕೊಂಡು ಬರುತ್ತಾಳೆ. ಅವಳಿಗೆ ಮಾತೇ ಇಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಸವಣೂರಿನಲ್ಲಿ ಹಗ್ಗ ಹಿಡಿದು ನಿಂತ ಹಾಗೆಯೇ ಬಾಗಿಲ ಚಿಲಕ ಹಿಡಿದುಕೊಂಡಿದ್ದೆ.

ಶಾರದಾ ಬಂದಳು. ಕೊಡ ಖಾಲಿ. ನಾನೇ ಬಗ್ಗಿಸಿ ನೋಡಿ ಕೊಟ್ಟಿದ್ದೆ. ಅವಳು ಮುಲುಗಲಿಲ್ಲ, ಬೆವರು ಒರೆಸಲಿಲ್ಲ. ಕೊಡ ಇಲ್ಲದ ಕಡೆಗೆ ತುಸು ವಾಲಿ, ಇನ್ನೊಂದು ಕೈ ಗಾಳಿಯಲ್ಲಿ ಸಡಿಲ ಬಿಟ್ಟು, ಕಣ್ಣನ್ನು ಆ ಜಗಳದ ಮನೆಯ ಮೇಲಿಟ್ಟು, ಬೇಗ ಬೇಗ ನಡೆದು ಬಂದಳು. ಹಿಂದಿನಿಂದ ಯಾವುದೋ ಮಗು ಕೂಗಿತು. ಅದು ನಾಟಕದಲ್ಲಿರಲಿಲ್ಲ. ಶಾರದಾ ಇಡೀ ಮೈ ತಿರುಗಿಸಿ ಒಮ್ಮೆ ನೋಡಿ, ಮತ್ತೆ ಮುಂದೆ ಹೆಜ್ಜೆ ಹಾಕಿದಳು.

ಆಗ ಅವ್ವ, ಮಡಚಲಾಗದ ಆ ಎರಡೂ ಕಾಲುಗಳನ್ನು ಕೈಯಿಂದ ಹಿಡಿದು ಒಳಕ್ಕೆ ಎಳೆದುಕೊಂಡಳು. ಸೀರೆಯ ನಿರಿಗೆಯನ್ನು ಮುದುಡಿ ತೊಡೆಯ ಕೆಳಗೆ ಸೇರಿಸಿದಳು. ಪಕ್ಕದಲ್ಲಿದ್ದ ಗಂಗಾಧರಪ್ಪನವರ ಮೊಳಕೈಗೆ ತಿವಿದು, ಸಾಕಷ್ಟು ಜೋರಾಗಿಯೇ ಅಂದಳು:

"ಸರದ ಕುಂದರ್ರಿ ಯಪ್ಪಾ, ಹಾದಿ ಬಿಡ್ರಿ. ತುಳುಕತೈತಿ."

ಗಂಗಾಧರಪ್ಪ ಇಸ್ತ್ರಿಯ ಅಂಗಿ ಹಿಡಿದುಕೊಂಡು ದಡಬಡಿಸಿ ಸರಿದರು. ಅವರ ಪಕ್ಕದವರು ಸರಿದರು, ಆಚೆಯ ಹಮಾಲರು ಸರಿದರು. ದಾರಿ ಒಂದು ಮೊಳ ಅಗಲವಾಯಿತು. ಖಾಲಿ ಕೊಡ ಅದರ ನಡುವೆ ಹಾದು ಹೋಯಿತು, ಹೊಸ್ತಿಲೆಂದು ನಾವು ಸುಣ್ಣದಲ್ಲಿ ಎಳೆದಿದ್ದ ಗೆರೆಯನ್ನು ಅಡ್ಡವಾಗಿ ದಾಟಿತು. ನಾಟಕ ಮುಂದುವರಿಯಿತು. ಅದರಲ್ಲಿ ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ನಾನು ನೋಡಲಿಲ್ಲ. ಬಾಗಿಲ ಹಿಂದೆ ಗೋವಿನಜೋಳದ ಧೂಳು ಬಹಳ ಇತ್ತು, ಕಣ್ಣಿಗೆ ಬಿದ್ದಿತ್ತು.

ಜನರೆಲ್ಲ ಇಳಿದು ಹೋದ ಮೇಲೆ ಅವ್ವ, ನಾನು ಇಬ್ಬರೇ ಉಳಿದೆವು. ಅವಳು ಗೋಡೆ ಹಿಡಿದು ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಏನಾದರೂ ಅನ್ನುತ್ತಾಳೇನೋ ಎಂದು ನಾನು ಜಮಖಾನೆಯನ್ನು ಎರಡೆರಡು ಸಲ ಮಡಚಿದೆ. ಕೊನೆಗೆ ನಾನೇ ಕೇಳಿದೆ.

"ಅವ್ವಾ, ಕಾಲ ಯಾಕ ಎಳಕೊಂಡಿ?"

"ಸೀರಿ ಹೊಸಾದು. ತೊಯ್ಯಂಗಿಲ್ಲೇನು?" ಎಂದವಳು, ಅಂದ ಮೇಲೆ ತಾನೇ ತಡೆದು ನಿಂತಳು. ಕೊಡದ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗುವನ್ನು ಯಾವ ಕ್ಯಾಮೆರಾದಲ್ಲೂ ನಾನು ಹಿಡಿದಿಲ್ಲ.

ಆ ಖುಷಿಯಲ್ಲಿ ನನಗೂ ಹುರುಪು ಬಂತು. ಕೊಡವನ್ನು ಇವತ್ತು ಮನೆಗೆ ಒಯ್ದು ಪೂಜೆ ಮಾಡೋಣ ಎನಿಸಿತು. ಎತ್ತಿ ಸೊಂಟದ ಮೇಲಿಟ್ಟೆ. ಅವಳು ಹೇಳಿಕೊಟ್ಟದ್ದೆಲ್ಲ ನೆನಪಿತ್ತು. ಆಚೆಗೆ ವಾಲಿದೆ. ಕೈ ಸಡಿಲ ಬಿಟ್ಟೆ. ಒಲೆಯ ಮೇಲಿನ ಬೇಳೆಯನ್ನು ನೆನೆಸಿಕೊಂಡೆ. ಬಾಗಿಲಲ್ಲಿ ಅಡ್ಡವಾಗಿ ತಿರುಗಿ, ಬಹಳ ಜೋಪಾನವಾಗಿ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ.

ಹಿಂದಿನಿಂದ ಅವ್ವನ ದನಿ ಬಂತು.

"ನಿನ್ನ ಕೊಡದಾಗ ನೀರಿಲ್ಲೋ, ಫಕೀರಾ."